ದಾನಿಗಳು ಬೇಕಾಗಿದ್ದಾರೆ

ಅಡಿಕೆಗೆ ಕೊಳೆ ಅಜ್ಜನ ಕಾಲದ್ದು, ಹಳದಿ ಎಲೆ ಅಪ್ಪನ ಕಾಲದ್ದು, ಎಲೆಚುಕ್ಕೆ ನಮ್ಮ ಪಾಲಿಗೆ ಬಂದದ್ದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಯಾವ ರೋಗವೂ ತಾಗದೆ ವರ್ಷವಿಡೀ ಫಸಲು ಕೊಡುವ ಬೆಳೆ ಅಂದರೆ ಬಡತನ ಒಂದೇ. ಹಾಗಂತ ಹಸಿಯದನ್ನೇ ಚೀಲಕ್ಕೆ ತುಂಬಿ ಕಳಿಸಿದರೆ ಯಾರೂ ಕೊಳ್ಳುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಚೊಗರು ಕೊಟ್ಟು ಬಣ್ಣ ಬರಿಸಬೇಕು, ಆಮೇಲೆ ಆರಿಸಬೇಕು. ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಇರುವ ಹಾಗೆ ಇದರಲ್ಲೂ ಧಾರಣೆ ಬೇರೆ ಬೇರೆ. ಮಳೆಯಲ್ಲಿ ಕಾಲುಸಂಕ ದಾಟುವ ಎರಡು ಜಡೆಯ ಹೆಣ್ಣುಮಗು ಸರಕು. ಸೋರುವ ಶಾಲೆ ಬೆಟ್ಟೆ. ಒಂಟಿ ಮುದುಕಿ ರಾಶಿ. ಸೊಸೈಟಿ ಸಾಲ ತೀರಿಸಲಾಗದೆ ತೋಟದ ಪಹಣಿ ಹಿಡಿದು ಓಡಾಡುವ ಐವತ್ತೈದರ ಗಂಡಸು ಗೊರಬಲು. ಅವನ ಫೋಟೋ ಯಾರಿಗೂ ಬೇಡ. ಅವನಿಗೆ ಕ್ಯಾಮೆರಾ ನೋಡಿ ನಗಲು ಬರುವುದಿಲ್ಲ, ಅಳಲೂ ಬರುವುದಿಲ್ಲ, ಗುಟ್ಕಾ ಬೇರೆ ಹಾಕಿರುತ್ತಾನೆ.

ಈ ವ್ಯಾಪಾರ ನಾವು ಕಂಡುಹಿಡಿದದ್ದೇನಲ್ಲ. ಇದರ ಹಳೆಯ ಮಂಡಿಗಳಲ್ಲೊಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿತ್ತು. 1815ರಲ್ಲಿ ಅಲ್ಲಿ ಹುಟ್ಟಿದ ಮಿಷನ್ 1828ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಅಂದರೆ ಈಗಿನ ಘಾನಾಕ್ಕೆ, ನಾಲ್ವರು ಹುಡುಗರನ್ನು ಕಳಿಸಿತು. ಕೆಲವೇ ವರ್ಷದಲ್ಲಿ ನಾಲ್ವರೂ ಅಲ್ಲೇ ಮಣ್ಣಾದರು. 1832ರಲ್ಲಿ ಮತ್ತೆ ಮೂವರು ಹೋದರು, ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ. ಎರಡು ವರ್ಷದ ಮೇಲೆ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿಳಿದು ಮಂಗಳೂರಿಗೆ ಬಂದರು. ಒಂದೇ ಮನೆಯ ಯಜಮಾನಿಕೆ, ಎರಡು ಜಮೀನು: ಒಂದು ಅಕ್ರಾದ ಹಿಂದಿನ ಗುಡ್ಡದಲ್ಲಿ, ಇನ್ನೊಂದು ನಮ್ಮ ಘಟ್ಟದ ಬುಡದಲ್ಲಿ. ಆಫ್ರಿಕಾದ ಹಳ್ಳಿಯ ಮಿಷನ್ ಅಂದಾಗ ನಮಗೂ ಅದಕ್ಕೂ ಸಮುದ್ರದಷ್ಟು ದೂರ ಅಂದುಕೊಳ್ಳುವವರು ಇದನ್ನು ಗಮನಿಸಬೇಕು. ಬಾಸೆಲಿನ ಲೆಕ್ಕದ ಪುಸ್ತಕದಲ್ಲಿ ಅವರೂ ನಾವೂ ಎದುರುಬದುರು ಪುಟದಲ್ಲೇ ಇದ್ದೆವು.

ಈ ಜಮೀನುಗಳಿಗೆ ನೀರು ಹಾಯಿಸುತ್ತಿದ್ದುದು ಯಾರು ಅಂದಿರಾ? ಬಾಸೆಲಿನಲ್ಲಿ ರೇಷ್ಮೆ ಪಟ್ಟಿ ನೇಯಿಸುವ ಸಾಹುಕಾರರಿದ್ದರು, ಅವರ ಕೊಡುಗೆ ದೊಡ್ಡದು. ಆದರೆ ಸಾಹುಕಾರ ಇಂದು ಕೊಟ್ಟು ನಾಳೆ ಮರೆಯುತ್ತಾನೆ, ಇಲ್ಲವೇ ಸಮಿತಿಯಲ್ಲಿ ಕುರ್ಚಿ ಕೇಳುತ್ತಾನೆ. ಬಡವನ ಚಿಲ್ಲರೆ ಹಾಗಲ್ಲ. 1855ರಲ್ಲಿ ಮಿಷನ್ನಿನವರು ಒಂದು ಯೋಜನೆ ಹೂಡಿದರು: ಪ್ರತಿಯೊಬ್ಬರೂ ವಾರಕ್ಕೆ ಅರ್ಧ ಬಾಟ್ಸೆನ್ ಕೊಡಬೇಕು, ಐದು ಸೆಂಟೀಮ್. ಮನೆಮನೆಗೆ ಹೋಗಿ ಎತ್ತುವವರು ಬೇರೆ. ಕೂಲಿಯವಳು, ಮನೆಗೆಲಸದವಳು, ಸಣ್ಣ ರೈತ, ಎಲ್ಲರೂ ಕೊಟ್ಟರು. ನಮ್ಮಲ್ಲಿ ಸ್ವಸಹಾಯ ಸಂಘದ ವಾರದ ಕಂತು ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಅವರು ವಾರದ ಕಂತಿನಲ್ಲಿ ಪುಣ್ಯ ಕಟ್ಟುತ್ತಿದ್ದರು.

ಕೊಟ್ಟವರಿಗೆ ಬದಲಿಗೆ ಏನಾದರೂ ಸಿಗಬೇಕಲ್ಲ. ಜರ್ಮನ್ ಮಾತಾಡುವ ಸೀಮೆಯ ಇಗರ್ಜಿಗಳಲ್ಲಿ, ಭಾನುವಾರದ ಮಕ್ಕಳ ಶಾಲೆಗಳಲ್ಲಿ ಒಂದು ಹುಂಡಿ ಇರುತ್ತಿತ್ತು. ಹುಂಡಿಯ ಮೇಲೊಂದು ಬೊಂಬೆ. ಹೆಚ್ಚಾಗಿ ಆಫ್ರಿಕಾದ ಕರಿಯ ಮಗು, ಮಂಡಿಯೂರಿ ಕೈಮುಗಿದದ್ದು. ನಾಣ್ಯ ಹಾಕಿದ ತಕ್ಷಣ ಒಳಗಿನ ಕೀಲು ಅಲುಗಿ ಬೊಂಬೆ ತಲೆಯಾಡಿಸುತ್ತಿತ್ತು. ಉಪಕಾರವಾಯಿತು ಧಣಿ ಅಂದ ಹಾಗೆ. ಇನ್ನೊಂದು ನಾಣ್ಯ ಹಾಕಿದರೆ ಇನ್ನೊಮ್ಮೆ. ಆ ಸೀಮೆಯ ಮಕ್ಕಳು ಇಪ್ಪತ್ತನೆಯ ಶತಮಾನ ಬಹಳಷ್ಟು ಕಳೆಯುವವರೆಗೂ ಇದನ್ನು ಆಡಿ ಸಂತೋಷಪಟ್ಟಿದ್ದಾರೆ. ಈಗ ನಾಚಿಕೆಯಾಗಿ ಮ್ಯೂಸಿಯಮ್ಮಿಗೆ ಸೇರಿಸಿದ್ದಾರೆ. ಅವರಿಗೆ ನಾಚಿಕೆಯಾದದ್ದು ಒಳ್ಳೆಯದೇ. ಆದರೆ ಇಷ್ಟು ಒಳ್ಳೆಯ ಯಂತ್ರ ಸುಮ್ಮನೆ ಗಾಜಿನ ಪೆಟ್ಟಿಗೆಯಲ್ಲಿ ಕೊಳೆಯಬಾರದು ಅಂತ ನಾವು ಅದರ ಕೀಲನ್ನು ತಂದು ಜೂನ್ ತಿಂಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಕೂರಿಸಿಕೊಂಡೆವು.

ನೀವು ನೋಡಿರುತ್ತೀರಿ. ನೋಟ್‌ಬುಕ್ ಮತ್ತು ಬ್ಯಾಗ್ ವಿತರಣಾ ಸಮಾರಂಭ. ವೇದಿಕೆಯ ಮೇಲಿನ ಕುರ್ಚಿಗಳು ಕೆಳಗೆ ಕೂತ ಮಕ್ಕಳಿಗಿಂತ ಹೆಚ್ಚು. ಬೆಂಗಳೂರಿನಿಂದ ಬಂದ ಕಂಪನಿಯ ಹುಡುಗರು ಒಂದೇ ಬಣ್ಣದ ಟೀ ಶರ್ಟಿನಲ್ಲಿ. ಒಂದು ಮಗುವಿಗೆ ಒಂದು ಬ್ಯಾಗ್ ಕೊಡಲು ಐದು ಜನರ ಕೈ. ಬ್ಯಾಗಿನ ಒಂದು ಪಟ್ಟಿ ಮಗುವಿನ ಕೈಯಲ್ಲಿ, ಉಳಿದದ್ದೆಲ್ಲ ದಾನಿಗಳ ಕೈಯಲ್ಲಿ, ಹತ್ತು ಕಣ್ಣು ಮೊಬೈಲಿನತ್ತ. ಕೊನೆಗೆ ಮಕ್ಕಳೆಲ್ಲ ಒಟ್ಟಾಗಿ ‘ಥ್ಯಾಂಕ್ಯೂ ಸಾರ್’ ಅನ್ನಬೇಕು. ಮೇಷ್ಟ್ರು ಇದನ್ನು ಹಿಂದಿನ ದಿನವೇ ಮೂರು ಸಲ ಹೇಳಿಸಿ ಪ್ರಾಕ್ಟೀಸ್ ಮಾಡಿಸಿರುತ್ತಾರೆ. ಅದೇ ಮಗುವಿನ ಹತ್ತಿರ ಹೋದ ವರ್ಷದ ಬ್ಯಾಗ್ ಇದೆ, ಅದರ ಹಿಂದಿನ ವರ್ಷದ್ದೂ ಇದೆ. ಇಲ್ಲದಿರುವುದು ಗಣಿತದ ಮೇಷ್ಟ್ರು. ಗಣಿತದ ಮೇಷ್ಟ್ರಿಗೆ ಕಂಪನಿಯ ಹೆಸರು ಅಚ್ಚು ಹಾಕಿಸಲು ಬರುವುದಿಲ್ಲವಾದ್ದರಿಂದ ಆ ವಿಷಯ ಯಾರೂ ಎತ್ತುವುದಿಲ್ಲ.

ಬಾಸೆಲಿಗೆ ಮರಳೋಣ, ಅಲ್ಲಿ ತಮಾಷೆ ಇನ್ನೂ ಇದೆ. ಚಿಲ್ಲರೆ ಕೊಡುವ ಜನಕ್ಕೆ ಓದಲು ‘ಹೈಡನ್‌ಬೋಟೆ’ ಅಂತ ಒಂದು ಪತ್ರಿಕೆ ಇತ್ತು. ಕ್ಷೇತ್ರದಲ್ಲಿರುವ ಪಾದ್ರಿ ಅದಕ್ಕೆ ಕಾಗದ ಬರೆಯಬೇಕು. ಕಾಗದದಲ್ಲಿ ಕತ್ತಲು ಸಾಕಷ್ಟಿರಬೇಕು, ನಡುವೆ ಒಂದು ಸಣ್ಣ ಬೆಳಕೂ ಕಾಣಬೇಕು. ಪೂರ್ತಿ ಕತ್ತಲಾದರೆ ಕೊಟ್ಟ ದುಡ್ಡು ದಂಡ ಅಂದುಕೊಳ್ಳುತ್ತಾರೆ, ಪೂರ್ತಿ ಬೆಳಕಾದರೆ ಇನ್ನೇಕೆ ಕೊಡಬೇಕು ಅನ್ನುತ್ತಾರೆ. ಭೂತದ ಕೋಲ, ಜಾತಿ, ಬಾಲ್ಯವಿವಾಹ, ಹಾವಿನ ಪೂಜೆ, ಇವು ನಮ್ಮ ಕಡೆಯಿಂದ ಹೋದ ಕತ್ತಲು. ಪಾಪ, ಬರೆದವರು ಸುಳ್ಳು ಬರೆದರು ಅಂತಲ್ಲ. ಕೋಲವೂ ಇತ್ತು, ಜಾತಿಯಂತೂ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಆದರೆ ಅದೇ ಊರಲ್ಲಿ ಅದೇ ದಿನ ಯಾರೋ ನಾಟಿ ಮಾಡುತ್ತಿದ್ದರು, ಯಾರೋ ಯಕ್ಷಗಾನಕ್ಕೆ ಹೋಗಿ ಬೆಳಗಾಗಿ ಬಂದು ಮಲಗಿದ್ದರು. ಅದಕ್ಕೆ ಅರ್ಧ ಬಾಟ್ಸೆನ್ ಯಾರು ಕೊಡುತ್ತಾರೆ?

ಹೀಗೆ ಕೊಟ್ಟ ದುಡ್ಡಿಗೆ ಕೊನೆಗೆ ಸಿಕ್ಕಿದ್ದೇನು ಅಂತ ಆ ಬಾಸೆಲಿನ ಮನೆಗೆಲಸದವಳು ಎದ್ದು ಬಂದು ಕೇಳಿದರೆ ಅವಳನ್ನು ಕರೆದುಕೊಂಡು ಹೋಗಿ ನಮ್ಮ ಕಡೆಯ ಯಾವುದೇ ಹಳೆಯ ಚೌಕಿ ಮನೆ ತೋರಿಸಬಹುದು. ಆತ್ಮ ರಕ್ಷಣೆಗೆ ಅಂತ ಅವಳು ಕೊಟ್ಟದ್ದು. ರಕ್ಷಣೆಯಾದದ್ದು ಗೌಡರ ಮನೆಯ ಉಪ್ಪರಿಗೆ, ಭಟ್ಟರ ಮನೆಯ ಅಡುಗೆ ಕೋಣೆ. ಕ್ರೈಸ್ತನಾದವನನ್ನು ಮನೆಯವರು ಹೊರಹಾಕುತ್ತಿದ್ದರು, ಕಳ್ಳು ಇಳಿಸುವ ಕುಲಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಅವನ ಹೊಟ್ಟೆಗೆ ದಾರಿ ಹುಡುಕುತ್ತಾ ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಪ್ಲೆಬ್ಸ್ಟ್ ಎಂಬಾತನ ಕೈಯಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಘಟ್ಟ ಹತ್ತಿ ಬಂದು ಮಲೆನಾಡಿನ ಸೋಗೆಯನ್ನೂ ಹುಲ್ಲನ್ನೂ ಮಾಡಿನಿಂದ ಕೆಳಗಿಳಿಸಿತು. ಆಗುಂಬೆಯ ಮಳೆಗೆ ತಡೆದ ವಸ್ತುಗಳಲ್ಲಿ ಬಹುಶಃ ಕಪ್ಪೆ ಬಿಟ್ಟರೆ ಅದೊಂದೇ. ಪಾದ್ರಿಯ ಮಾತಿಗೆ ಒಲಿಯದ ಮನೆತನಗಳು ಪಾದ್ರಿಯ ಹೆಂಚಿನ ಕೆಳಗೆ ನಿಶ್ಚಿಂತೆಯಿಂದ ಸತ್ಯನಾರಾಯಣ ಕಥೆ ಮಾಡಿಸಿದವು. ಮತಾಂತರವಾದದ್ದು ಮನೆಯ ಮಾಡು ಮಾತ್ರ. ಅದರ ಮೇಲೆ ಇನ್ನೂ ಯಾರೂ ಕೇಸು ಹಾಕಿಲ್ಲ.

ಇನ್ನೊಂದು ಬಗೆಯ ನಷ್ಟವೂ ಆಯಿತು. ಮಂಗಳೂರಿನ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ತೆಗೆದ. ಆ ದಿನವೇ ಈಗ ನಮ್ಮ ಪತ್ರಿಕಾ ದಿನಾಚರಣೆ. ಶಾಲು ಹೊದೆಸುವ ಆ ಸಭೆಗಳಲ್ಲಿ ಬಾಸೆಲಿನ ದಾನಿಗಳಿಗೂ ಒಂದು ಶಾಲು ಸಲ್ಲಬೇಕು, ತಲುಪಿಸುವುದು ಹೇಗೆ ಅನ್ನುವುದಷ್ಟೇ ಕಷ್ಟ. ಅದೇ ಮೋಗ್ಲಿಂಗ್ 1848ರಿಂದಾಚೆಗೆ ದಾಸರ ಪದ, ಬಸವ ಪುರಾಣ, ಜೈಮಿನಿ ಭಾರತ ಅಚ್ಚು ಹಾಕಿಸಿದ. ಖರ್ಚಿಗೆ ಕಾಸಾಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ನೆರವು. ಅಂಧಕಾರ ಓಡಿಸಲು ಬಂದವನು ಅಂಧಕಾರದ ಒಳ್ಳೆಯ ಆವೃತ್ತಿಗಳನ್ನು ತಂದ. ಇನ್ನು ಕಿಟ್ಟೆಲ್. 1853ರಲ್ಲಿ ಇಲ್ಲಿಗೆ ಬಂದ. ಬಾಸೆಲಿನಲ್ಲಿ ಅವನು ಓದಿದ ಸೆಮಿನರಿಯಲ್ಲೇ ಓದಿದ ಕ್ರಿಸ್ಟಾಲರ್ ಅದೇ 1853ರಲ್ಲಿ ಗೋಲ್ಡ್ ಕೋಸ್ಟಿನಲ್ಲಿದ್ದ. ಅವನು ಅಲ್ಲಿನ ಟ್ವಿ ಭಾಷೆಗೆ 1881ರಲ್ಲಿ ನಿಘಂಟು ಕೊಟ್ಟ, ಇವನು ಕನ್ನಡಕ್ಕೆ 1894ರಲ್ಲಿ ಕೊಟ್ಟ. ಪ್ರತಿ ನಾಣ್ಯಕ್ಕೂ ಎಷ್ಟು ಜನ ಸ್ನಾನದೀಕ್ಷೆ ಪಡೆದರು ಅಂತ ಎಣಿಸುವ ದಾನಿಗೆ ನಿಘಂಟಿನ ಎಪ್ಪತ್ತು ಸಾವಿರ ಶಬ್ದಗಳನ್ನು ಯಾವ ಅಂಕಣದಲ್ಲಿ ತೋರಿಸುವುದು? ಮಿಷನ್ನಿನ ಯಜಮಾನರಿಗೂ ಕಿಟ್ಟೆಲ್ಲನ ಈ ಹುಚ್ಚು ಅಷ್ಟಾಗಿ ರುಚಿಸಿರಲಿಲ್ಲ. ದೇವರ ಕೆಲಸಕ್ಕೆ ಕಳಿಸಿದರೆ ಇವನು ಹಳಗನ್ನಡದ ಛಂದಸ್ಸು ಹಿಡಿದು ಕೂತಿದ್ದ.

ಆಫ್ರಿಕಾದ ಪುಟದಲ್ಲಿ ಆದದ್ದು ಇನ್ನೂ ಸ್ವಾರಸ್ಯ. ಅಕ್ರೊಪಾಂಗಿನ ರಾಜ, ನಿಮ್ಮ ಪುಸ್ತಕ ಓದಬಲ್ಲ ನಮ್ಮಂಥ ಕರಿಯನೊಬ್ಬನನ್ನು ತೋರಿಸಿ, ಆಮೇಲೆ ನೋಡೋಣ ಅಂದನಂತೆ. ಮಿಷನ್ನಿನವರು 1843ರಲ್ಲಿ ಜಮೈಕಾದಿಂದ ಕ್ರೈಸ್ತ ಕುಟುಂಬಗಳನ್ನೇ ಹಡಗು ಹತ್ತಿಸಿ ಕರೆತಂದರು. ದಾನಿಗೆ ಸ್ಯಾಂಪಲ್ ತೋರಿಸುವುದು ಕೇಳಿದ್ದೇವೆ, ದಾನ ತೆಗೆದುಕೊಳ್ಳುವವನೇ ಸ್ಯಾಂಪಲ್ ಕೇಳಿದ್ದು ಅಪರೂಪ. ಆ ರಾಜ ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಇರಬೇಕಿತ್ತು. ಮುಂದೆ ಮಿಷನ್ನಿನ ಕಮ್ಮಟದಲ್ಲಿ ಕಮ್ಮಾರಿಕೆ ಕಲಿತ ಟೆಟೆ ಕ್ವಾರ್ಶಿ ಎಂಬಾತ 1879ರಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಕೋಕೊ ಬೀಜ ತಂದು ನೆಟ್ಟ. 1911ರ ಹೊತ್ತಿಗೆ ಗೋಲ್ಡ್ ಕೋಸ್ಟು ಜಗತ್ತಿನಲ್ಲೇ ಅತಿ ಹೆಚ್ಚು ಕೋಕೊ ಬೆಳೆಯುವ ಸೀಮೆ. ಆ ಕೋಕೊವನ್ನು ಸಾಗಿಸಿದವರಲ್ಲಿ ಮಿಷನ್ನಿನದೇ ವ್ಯಾಪಾರ ಕಂಪನಿಯೂ ಇತ್ತು. ಬೊಂಬೆಯ ಹುಂಡಿಗೆ ಚಿಲ್ಲರೆ ಹಾಕಿದ ಸ್ವಿಸ್ ಮಗು ದೊಡ್ಡದಾಗಿ ಚಾಕೊಲೇಟು ತಿನ್ನುವಾಗ ಯಾರು ಯಾರಿಗೆ ತಲೆಯಾಡಿಸಬೇಕು ಅನ್ನುವುದು ಸ್ವಲ್ಪ ಗೋಜಲಾಯಿತು. ಅದೇ ಕೋಕೊ ಈಗ ನಮ್ಮ ಅಡಿಕೆ ತೋಟಗಳ ನಡುವೆಯೂ ಇದೆ, 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟು ಕಾರ್ಖಾನೆಯೂ ಇದೆ. ಮಂಗಗಳೇ ಅರ್ಧ ತಿನ್ನುತ್ತವೆ, ಅದು ಬೇರೆ ಮಾತು.

ನಮ್ಮ ತೀರ್ಥಹಳ್ಳಿಯವರಿಗೆ ಪಾದ್ರಿ ಅಂದರೆ ಯಾರು ಅಂತ ಹೇಳಿಕೊಟ್ಟವರು ಕುವೆಂಪು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಜೀವರತ್ನಯ್ಯ ಬೆಟ್ಟಳ್ಳಿ ದೇವಯ್ಯನ ಬೆನ್ನು ಹತ್ತುತ್ತಾನೆ, ದೇವಯ್ಯ ಬೈಸಿಕಲ್ಲಿನ ಬೆನ್ನು ಹತ್ತುತ್ತಾನೆ. ಕಥೆ ನಡೆಯುವ ಕಾಲ 1893ರ ಆಸುಪಾಸು, ಅಂದರೆ ವಿವೇಕಾನಂದರು ಚಿಕಾಗೊದಲ್ಲಿ ಮಾತಾಡಿದ ವರ್ಷ. ಈಗಲೂ ಊರ ಸಭೆಗಳಲ್ಲಿ ಪಾದ್ರಿಯನ್ನು ಬೈಯುವಾಗ ಆ ಭಾಷಣವನ್ನು ನೆನೆಯುತ್ತಾರೆ. ವಿವೇಕಾನಂದರು ಅಮೆರಿಕಕ್ಕೆ ಹೋದದ್ದರ ಒಂದು ಉದ್ದೇಶ ಇಲ್ಲಿನ ಬಡವರಿಗೆ ಅಲ್ಲಿ ಹಣ ಹುಡುಕುವುದು ಅನ್ನುವುದನ್ನು ಮಾತ್ರ ನೆನೆಯುವುದಿಲ್ಲ. ಹಸಿದವರ ನಾಡಿಗೆ ಧರ್ಮ ಕಳಿಸುತ್ತೀರಲ್ಲ ಅಂತ ಅದೇ ಸಭೆಯಲ್ಲಿ ಪಾದ್ರಿಗಳನ್ನು ಅವರು ತರಾಟೆಗೆ ತೆಗೆದುಕೊಂಡರು. ನಾಲ್ಕು ವರ್ಷದ ಮೇಲೆ, 1897ರಲ್ಲಿ, ತಾವು ಕಟ್ಟಿದ ಸಂಸ್ಥೆಗೆ ಮಿಷನ್ ಅಂತಲೇ ಹೆಸರಿಟ್ಟರು. ಅವರಿಗೆ ಸಂಕೋಚವಿರಲಿಲ್ಲ. ಸಂಕೋಚವೆಲ್ಲ ಅವರ ಫೋಟೋಗೆ ಹಾರ ಹಾಕುವ ನಮಗೆ.

ನಮ್ಮ ಸಂಕೋಚದ ಬಗೆ ಹೀಗಿದೆ. ವಿದೇಶಿ ದುಡ್ಡು ಪಾದ್ರಿಗೆ ಬಂದರೆ ಷಡ್ಯಂತ್ರ, ನಮಗೆ ಬಂದರೆ ತಾಯ್ನಾಡಿನ ಋಣ. 2020ರ ತಿದ್ದುಪಡಿಯ ನಂತರ ಹೊರದೇಶದ ದೇಣಿಗೆ ಯಾರಿಗೇ ಬರಲಿ, ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ಯಾವುದೋ ಕಾನ್ವೆಂಟಿನ ಸಿಸ್ಟರಿಗೂ ಅದೇ ಕೌಂಟರು, 2023ರಲ್ಲಿ ಪರವಾನಗಿ ಪಡೆದ ಅಯೋಧ್ಯೆಯ ರಾಮಮಂದಿರದ ಟ್ರಸ್ಟಿಗೂ ಅದೇ ಕೌಂಟರು. ಸರ್ವಧರ್ಮ ಸಮನ್ವಯ ಈ ದೇಶದಲ್ಲಿ ಬೇರೆಲ್ಲೂ ಆಗದಿದ್ದರೂ ಸಂಸದ್ ಮಾರ್ಗದ ಒಂದು ಬ್ಯಾಂಕಿನಲ್ಲಿ ಆಗಿದೆ. ತಿಂಗಳಿಗಿಷ್ಟು ಡಾಲರ್ ಕಟ್ಟಿ ಒಂದು ಮಗುವನ್ನು ‘ದತ್ತು’ ಪಡೆದು, ವರ್ಷಕ್ಕೆರಡು ಧನ್ಯವಾದದ ಕಾಗದ ಬರಿಸಿಕೊಳ್ಳುವ ಪದ್ಧತಿ ಇದೆಯಲ್ಲ, ಅದನ್ನು ನಡೆಸುತ್ತಿದ್ದ ಅಮೆರಿಕದ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಈ ತಿದ್ದುಪಡಿಗೂ ಮೊದಲಿನ ನಿಯಮಗಳ ಬಿಗಿಯಲ್ಲೇ 2017ರಲ್ಲಿ ಭಾರತದ ಅಂಗಡಿ ಮುಚ್ಚಿತು. ಅದರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ದೇಶ ಉಳಿಯಿತು ಅಂತ ಸಿಹಿ ಹಂಚಿದವರುಂಟು. ಆ ಮಕ್ಕಳ ಮಧ್ಯಾಹ್ನದ ಊಟ ಏನಾಯಿತು ಅಂತ ಕೇಳಿದವರು ಕಡಿಮೆ. ಅವರಲ್ಲಿ ಯಾರೂ ಎರಡು ಜಡೆ ಹಾಕಿಕೊಂಡು ನಮ್ಮ ಕಾಲುಸಂಕದ ಮೇಲೆ ನಿಂತಿರಲಿಲ್ಲ ನೋಡಿ.

ಹೊರಗಿನ ದುಡ್ಡು ನಮ್ಮ ಸೀಮೆಗೆ ಬಂದೇ ಇಲ್ಲ ಅನ್ನುವಂತೆಯೂ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಬಿದ್ದು ಸಾಯತೊಡಗಿದಾಗ ವೈರಸ್ಸನ್ನು ಹಿಡಿದು ಹೆಸರಿಟ್ಟದ್ದು ಪುಣೆಯ ಸಂಶೋಧನಾ ಕೇಂದ್ರ. ಅದನ್ನು ಕಟ್ಟುವಾಗ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಕೈ ಇತ್ತು. ಸೀಮೆಎಣ್ಣೆ ಮಾರಿದ ಮನೆತನದ ದುಡ್ಡು ನಮ್ಮ ಕಾಡಿನ ಉಣುಗು ಎಣಿಸಿತು. ರೋಗಕ್ಕೆ ಜಗತ್ತಿನ ಪುಸ್ತಕಗಳಲ್ಲಿ ನಮ್ಮೂರ ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. ಸಾಗರದ ಅರಳಗೋಡಿನಲ್ಲಿ 2019ರಲ್ಲಿ ಜನ ಸತ್ತಾಗ ಪ್ರತಿಷ್ಠಾನಗಳೂ ಬರಲಿಲ್ಲ, ಟೀ ಶರ್ಟುಗಳೂ ಬರಲಿಲ್ಲ. ಇದ್ದೊಂದು ಹಳೆಯ ಲಸಿಕೆಯೂ ಆಮೇಲೆ ನಿಂತುಹೋಯಿತು. ಮಂಗನ ಕಾಯಿಲೆ ಗೊರಬಲು ಜಾತಿಯ ಕಷ್ಟ, ಫೋಟೋಕ್ಕೆ ಒದಗುವುದಿಲ್ಲ.

ಹೆಗ್ಗೋಡಿನ ನೀನಾಸಂ ಕೂಡ 80ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಜನಸ್ಪಂದನ ಅಂತ ನಾಟಕ, ಸಿನಿಮಾಗಳನ್ನು ಹಳ್ಳಿಹಳ್ಳಿಗೆ ಒಯ್ದಿತು. ಕಾರು ಮಾಡುವವನ ದುಡ್ಡಿನಲ್ಲಿ, ಬಸ್ಸು ಹೋಗದ ಊರಿಗೆ ಕುರೊಸಾವ ಹೋದ. ಕೆ.ವಿ. ಸುಬ್ಬಣ್ಣ ಇದರಿಂದ ತಲೆಯಾಡಿಸುವ ಬೊಂಬೆಯಾದರು ಅಂತ ಅವರ ವೈರಿಗಳೂ ಹೇಳಲಾರರು. ಅವರು ಆಡಿಸಿದ್ದು ಎಲೆಯಡಿಕೆ ತುಂಬಿದ ಬಾಯಿಯನ್ನು ಮಾತ್ರ. ಅದೇ ದಶಕದಲ್ಲಿ ಚಿದಂಬರರಾವ್ ಜಂಬೆ ಪಕ್ಕದ ಯಲ್ಲಾಪುರ ಸೀಮೆಯ ಮಂಚೀಕೇರಿಯಲ್ಲಿ ಸಿದ್ದಿಗಳಿಂದ ‘ಕಪ್ಪು ಜನ ಕೆಂಪು ನೆರಳು’ ಆಡಿಸಿದರು. ಚಿನುವ ಅಚಿಬೆಯ ಕಾದಂಬರಿಯ ನಾಟಕ ರೂಪ. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದು ನಮ್ಮ ಕಾಡಿನಲ್ಲಿ ಉಳಿದವರ ಮಕ್ಕಳು, ಆಫ್ರಿಕಾದ ಹಳ್ಳಿಗೆ ಪಾದ್ರಿ ಬಂದಾಗ ಏನಾಯಿತು ಅಂತ ಕನ್ನಡದಲ್ಲಿ ಆಡಿ ತೋರಿಸಿದ್ದು. ಪಾದ್ರಿಯ ಕಾಗದದಲ್ಲಿ ಬೊಂಬೆಯಾಗಿದ್ದವರು ಎದ್ದು ನಿಂತು ಪಾದ್ರಿಯ ಪಾತ್ರವನ್ನೂ ತಾವೇ ಮಾಡಿದರು ಅಂದರೆ, ಈ ಇಡೀ ಗದ್ದಲದಲ್ಲಿ ನನಗೆ ಪೂರ್ತಿ ಸಂತೋಷ ಕೊಡುವ ಸಂಗತಿ ಇದೊಂದೇ. ವ್ಯಂಗ್ಯಕ್ಕೆ ಇಲ್ಲಿ ಕೆಲಸವಿಲ್ಲ, ಮುಂದೆ ಹೋಗುತ್ತೇನೆ.

ಮುಂದೆ ಅಂದರೆ ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿ. ಯಾವ ಊರು ಅಂತ ಹೇಳುವುದಿಲ್ಲ. ಹೇಳು ಅಂದರೂ ಪ್ರಯೋಜನವಿಲ್ಲ, ಮೂರು ತಾಲ್ಲೂಕಿನಲ್ಲೂ ಅದೇ ಸಮಿತಿ ಇದೆ. ಅಷ್ಟಮಂಗಲ ಪ್ರಶ್ನೆ ಇಟ್ಟಾಗ ದೇವರಿಗೆ ಊರು ಬಿಟ್ಟು ಹೋದವರ ಮೇಲೆ ಮುನಿಸಿದೆ ಅಂತ ಕಂಡಿತು. ಊರಲ್ಲೇ ಉಳಿದು ದೀಪಕ್ಕೆ ಎಣ್ಣೆ ತರದವರ ಮೇಲೆ ಮುನಿಸಿಲ್ಲ. ದೇವರಿಗೂ ಯಾರ ಹತ್ತಿರ ಎಷ್ಟಿದೆ ಅಂತ ಗೊತ್ತಿರುತ್ತದೆ. ಹಾಗಾಗಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ದುಬೈ, ಸಿಡ್ನಿಗಳಲ್ಲಿರುವ ಊರಿನ ಕುಡಿಗಳಿಗೆ ಒಂದು ಮನವಿ ಪತ್ರ ಹೋಗಬೇಕು, ಬರೆಯುವ ಕೆಲಸ ನನ್ನ ತಲೆಗೆ ಬಂತು.

ಇದ್ದದ್ದು ಇದ್ದ ಹಾಗೆ ಬರೆದೆ: ದೇವಸ್ಥಾನ ಗಟ್ಟಿಯಿದೆ, ಈಶಾನ್ಯ ಮೂಲೆಯಲ್ಲಿ ನಾಲ್ಕು ಹೆಂಚು ಒಡೆದು ಸೋರುತ್ತಿದೆ. ಅಧ್ಯಕ್ಷರು ಓದಿ ಕನ್ನಡಕ ತೆಗೆದರು.

“ಹಿಂಗೆ ಬರೆದ್ರೆ ಯಾರು ಕೊಡ್ತಾರೆ ಮಾರಾಯ್ರೆ? ನಾಲ್ಕು ಹೆಂಚಿಗೆ ಡಾಲರ್ ಕಳಿಸ್ತಾರಾ? ಸ್ವಲ್ಪ ಕುಸೀಲಿ.”

ಕುಸಿಸಿದೆ. ಗರ್ಭಗುಡಿ ಯಾವ ಕ್ಷಣದಲ್ಲಾದರೂ ಬೀಳುವ ಸ್ಥಿತಿಯಲ್ಲಿದೆ ಅಂತ ಹಾಕಿದೆ. ಭಟ್ಟರು ಗಾಬರಿಯಾದರು. “ದಿನಾ ಒಳಗೆ ಹೋಗೋನು ನಾನು. ಇದನ್ನ ನಮ್ಮನೆಯವಳು ಓದಿದ್ರೆ ನಾಳೆಯಿಂದ ಪೂಜೆಗೆ ಕಳಿಸೋದಿಲ್ಲ.” ಅವರ ಮನೆಗೆ ಪ್ರತಿ ಕೊಡುವುದು ಬೇಡ ಅಂತ ತೀರ್ಮಾನವಾಯಿತು.

ಆಮೇಲೆ ಖಜಾಂಚಿ ಕಾನೂನು ಹೇಳಿದರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿರುವವನು ತನ್ನ ಉಳಿತಾಯದಿಂದ ಕೊಟ್ಟರೆ ಅದು ದೇಶದ ದುಡ್ಡೇ. ಅಮೆರಿಕದ ಪೌರನಾಗಿ ಪ್ರಮಾಣ ಮಾಡಿದವನು ಕೊಟ್ಟರೆ ಅದು ವಿದೇಶಿ ದೇಣಿಗೆ, ಪಾದ್ರಿಯ ದೇಣಿಗೆ ಯಾವ ಜಾತಿಯೋ ಇದೂ ಅದೇ ಜಾತಿ. ಸಭೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಮ್ಮ ಹಿತ್ತಲಲ್ಲಿ ಗಿಲ್ಲಿದಾಂಡು ಆಡಿದವನು ಸ್ಯಾನ್ ಹೊಸೆಯಲ್ಲಿ ಕೈಯೆತ್ತಿ ನಾಲ್ಕು ವಾಕ್ಯ ಹೇಳಿದ ಮಾತ್ರಕ್ಕೆ ಬಾಸೆಲಿನವನಾಗಿಬಿಟ್ಟ. “ಅದಕ್ಕೆಂತ ತಲೆಬಿಸಿ,” ಅಂದರು ಖಜಾಂಚಿ ದನಿ ತಗ್ಗಿಸಿ, “ಅವನ ಅಪ್ಪಯ್ಯನ ಖಾತೆಗೆ ಹಾಕ್ಲಿ. ಅಪ್ಪಯ್ಯ ನಮಗೆ ಕೊಡ್ಲಿ.” ಷಡ್ಯಂತ್ರ ಅನ್ನುವ ಪದ ಯಾರೂ ಎತ್ತಲಿಲ್ಲ.

ಕೊಡುವವರಿಗೆ ಸಿಗುವುದೇನು ಅನ್ನುವ ಬಾಬತ್ತು ಬಂದಾಗ ಚರ್ಚೆ ರಾತ್ರಿ ಊಟದ ಹೊತ್ತಿಗೆ ಹೋಯಿತು. ಐದು ಲಕ್ಷಕ್ಕೆ ಗ್ರಾನೈಟ್ ಕಂಬದ ಮೇಲೆ ಹೆಸರು. ಒಂದು ಲಕ್ಷಕ್ಕೆ ಮೆಟ್ಟಿಲ ಮೇಲೆ. ಮೆಟ್ಟಿಲಾದರೆ ಜನ ತುಳಿಯುತ್ತಾರೆ ಅಂತ ಆಕ್ಷೇಪ ಬಂದು ಅದು ಗೋಡೆಗೆ ಏರಿತು. ಹತ್ತು ಸಾವಿರದ ಕೆಳಗಿನವರಿಗೆ ಫ್ಲೆಕ್ಸ್, ಅದು ಮಳೆ ಬರುವವರೆಗೆ. ಬ್ರಹ್ಮಕಲಶೋತ್ಸವದ ದಿನ ದೊಡ್ಡ ದಾನಿಗಳಿಗೆ ಪೂರ್ಣಕುಂಭ. ಅವರು ಬೆಂಗಳೂರಿನಿಂದ ಇನ್ನೋವಾದಲ್ಲಿ ಬರುತ್ತಾರೆ, ಮಕ್ಕಳಿಗೆ ಕೊಟ್ಟೆ ಕಡುಬು ತೋರಿಸುತ್ತಾರೆ, ಜಿಗಣೆ ನೋಡಿ ಕಿರುಚುತ್ತಾರೆ, ಸಂಜೆಯೊಳಗೆ ಹಿಂತಿರುಗುತ್ತಾರೆ. ಪಾದ್ರಿ ಈ ವಿಷಯದಲ್ಲಿ ಸ್ವಲ್ಪ ದಡ್ಡ. ಬಂದವನು ಇಲ್ಲಿನ ಮಾತು ಕಲಿತ, ಇಲ್ಲಿನ ಜ್ವರ ಅನುಭವಿಸಿದ, ಎಷ್ಟೋ ಜನ ಇಲ್ಲೇ ಗೋರಿಯಾದರು. 1914ರ ಯುದ್ಧ ಬಂದಾಗ ಜರ್ಮನ್ ಅಂತ ಹೇಳಿ ಇಂಗ್ಲಿಷರು ಹಿಡಿದು ಶಿಬಿರಕ್ಕೆ ಹಾಕದಿದ್ದರೆ ಇನ್ನಷ್ಟು ಜನ ಗೋರಿಯಾಗುತ್ತಿದ್ದರು. ಕೊನೆಗೆ ಹೆಂಚಿನ ಕಾರ್ಖಾನೆಗಳೂ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಊರುದ್ಧಾರಕ್ಕೆ ಊರಲ್ಲೇ ಇರಬೇಕು ಅನ್ನುವ ಆ ಹಳೆಯ ಪದ್ಧತಿ ಈಗ ಯಾರಿಗೂ ಪರವಡುವುದಿಲ್ಲ. ಶಾರದೆಯೇ ಶೃಂಗೇರಿಯ ಜೊತೆಗೆ ಪೆನ್ಸಿಲ್ವೇನಿಯಾದ ಸ್ಟ್ರೌಡ್ಸ್‌ಬರ್ಗಿನಲ್ಲೂ ಮನೆ ಮಾಡಿದ್ದಾಳೆ, ನಾವು ಅವಳಿಗಿಂತ ದೊಡ್ಡವರೆ?

ಒಬ್ಬ ಹುಡುಗ, ಸಿಡ್ನಿಯವನು, ದೊಡ್ಡ ಮೊತ್ತ ಕೊಡುತ್ತೇನೆ ಅಂತ ಒಪ್ಪಿ ಎರಡು ಪ್ರಶ್ನೆ ಕಳಿಸಿದ. ಒಂದು, ಹಿಂದಿನ ಜೀರ್ಣೋದ್ಧಾರದ ಲೆಕ್ಕಪತ್ರ ಸಿಗಬಹುದೇ? ಇದು ವಿದೇಶದ ನೀರು ಕುಡಿದದ್ದರ ಪರಿಣಾಮ ಅಂತ ಸಭೆ ಅಭಿಪ್ರಾಯಪಟ್ಟಿತು. ಬಾಸೆಲಿನವರು ವರ್ಷವರ್ಷವೂ ವರದಿ ಅಚ್ಚು ಹಾಕಿಸಿ, ಸೇರಿದವರೆಷ್ಟು, ಸಭೆಯಿಂದ ತೆಗೆದುಹಾಕಿದವರೆಷ್ಟು, ಖರ್ಚೆಷ್ಟು ಅಂತ ಕಾಸುಕಾಸಿಗೆ ಬರೆಯುತ್ತಿದ್ದರು ಅಂತ ನಾನು ಹೇಳಿದೆ. “ಅವರಿಗೆ ಲೆಕ್ಕ ಬೇಕಾಗ್ತದೆ, ಅವರ ದೇವರು ಹೊರಗಿನವನು,” ಅಂದರು ಖಜಾಂಚಿ.

ಎರಡನೆಯ ಪ್ರಶ್ನೆ: ದಿನಕ್ಕೆ ಎಷ್ಟು ಜನ ದೇವಸ್ಥಾನಕ್ಕೆ ಬರುತ್ತಾರೆ?

ಎಲ್ಲರೂ ಭಟ್ಟರ ಮುಖ ನೋಡಿದರು. ಭಟ್ಟರು ಯೋಚಿಸಿ, “ನಾನು ಬರ್ತೇನೆ,” ಅಂದರು.

“ಸಹಸ್ರಾರು ಅಂತ ಹಾಕಿ,” ಅಂದರು ಅಧ್ಯಕ್ಷರು.

“ಹಂಗಾದ್ರೆ ನೈವೇದ್ಯದ ಅಕ್ಕಿ ಸಾಲೋದಿಲ್ಲವಲ್ಲ,” ಅಂದರು ಭಟ್ಟರು.

“ಅದನ್ನೂ ಸೇರಿಸಿ.”